ಯಾವ ರೋಗಿಗಳ ಶೇಕಡಾ 90?

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದರೆ, ಯಾವ ಒತ್ತಡದಲ್ಲಿ ಎಂದು ನೀವು ಕೇಳುತ್ತೀರಲ್ಲವೆ? ವೈದ್ಯಕೀಯ ಪಠ್ಯಗಳ ಅಂಕಿಗಳನ್ನೂ ಹಾಗೆಯೇ ಪ್ರಶ್ನಿಸಬೇಕು. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಕ್ಕೆ ತೂರಿಕೊಂಡು ದಾರಿ ಕಟ್ಟುವುದೇ ಇಂಟಸಸೆಪ್ಷನ್. ವಯಸ್ಕರಲ್ಲಿ ಸುಮಾರು ಶೇಕಡಾ 90 ಪ್ರಕರಣಗಳಿಗೆ ಗೆಡ್ಡೆಯಂಥ ಕಾರಣವಿರುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಆದರೆ ಇದು ಬಹುಮಟ್ಟಿಗೆ ಪಾಶ್ಚಾತ್ಯ ಆಸ್ಪತ್ರೆಗಳ ಅನುಭವ. ಉಷ್ಣವಲಯದ ನೈಜೀರಿಯದ ಇಬಾದಾನ್ ನಗರದಿಂದ 1960ರ ದಶಕದಲ್ಲೇ ಬಂದ ವರದಿಗಳನ್ನು ನೋಡಿ: ದೊಡ್ಡ ಕರುಳಿನ ಆರಂಭದ ಚೀಲವಾದ ಸೀಕಮ್ ಮುಂದಕ್ಕೆ ತೂರಿಕೊಂಡಿದ್ದ ಅನೇಕ ವಯಸ್ಕರಲ್ಲಿ ಗೆಡ್ಡೆಯೇ ಇರಲಿಲ್ಲ. ವ್ಯತ್ಯಾಸ ಸಣ್ಣದಲ್ಲ. ಗೆಡ್ಡೆಯ ಶಂಕೆಯಿದ್ದರೆ ಕರುಳಿನ ಆ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಗೆಡ್ಡೆಯಿಲ್ಲದೆ, ಕರುಳು ಕೊಳೆಯದೆ ಇದ್ದರೆ ಬಿಡಿಸಿದರೂ ಸಾಕಾಗಬಹುದು. ಅಂಕಿ ಬರೆಯುವವರು ಅದು ಎಲ್ಲಿಯ ರೋಗಿಗಳದೆಂದೂ ಬರೆಯಲಿ.