ಹಾರಿಹೋದ ಓತಿ, ಉಳಿದ ಮಂದಣ್ಣ: ‘ಕರ್ವಾಲೊ’ ಕಾದಂಬರಿಯ ಒಂದು ದೈವಶಾಸ್ತ್ರೀಯ ಓದು

ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಪ್ರಕಟವಾದದ್ದು 1980ರಲ್ಲಿ. ಮೂಡಿಗೆರೆಯ ಸುತ್ತಣ ಮಲೆನಾಡು ಅದರ ಭೂಮಿಕೆ. ಬೇಸಾಯದಿಂದ ಬೇಸತ್ತು ಜಮೀನು ಮಾರುವ ಯೋಚನೆಯಲ್ಲಿರುವ ಒಬ್ಬ ನಿರೂಪಕ, ಕೃಷಿ ಸಂಶೋಧನೆಯಲ್ಲಿ ತೊಡಗಿರುವ ವಿಜ್ಞಾನಿ ಕರ್ವಾಲೊ, ಜೇನು ಸಾಕಣೆಯ ಕೆಲಸದಲ್ಲಿರುವ ಮಂದಣ್ಣ, ಛಾಯಾಗ್ರಾಹಕ ಪ್ರಭಾಕರ, ಮರವೇರುವುದರಲ್ಲಿ ನಿಪುಣನಾದ ಬಿರಿಯಾನಿ ಕರಿಯಪ್ಪ, ‘ಕಿವಿ’ ಎಂಬ ನಾಯಿ: ಇಂಥದೊಂದು ವಿಚಿತ್ರ ತಂಡ ಹಾರುವ ಓತಿಯನ್ನು ಹುಡುಕಿಕೊಂಡು ದಟ್ಟಡವಿಯನ್ನು ಹೊಗುತ್ತದೆ. ಅದು ಕೋಟ್ಯಂತರ ವರ್ಷಗಳ ಹಿಂದಿನ ಜೀವಲೋಕದಿಂದ ಉಳಿದುಬಂದ ಪ್ರಾಣಿಯೆಂಬುದು ಕರ್ವಾಲೊ ಅವರ ನಂಬಿಕೆ. ಕೊನೆಗೆ ಓತಿ ಕಣ್ಣಿಗೆ ಬೀಳುತ್ತದೆ. ಆದರೆ ಕೈಗೆ ಸಿಕ್ಕುವ ಮೊದಲೇ ಘಟ್ಟದ ಅಂಚಿನಿಂದ ತೇಲಿ ಕಣಿವೆಯ ಆಳದಲ್ಲಿ ಮರೆಯಾಗುತ್ತದೆ.

ಈ ಅಂತ್ಯವು ಪ್ರಸಂಗಿಗಳಿಗೆ ಬಹು ಪ್ರಿಯವಾಗಬಲ್ಲದು. ಹಿಡಿಯಹೊರಟವರ ಕೈಗೆ ದಕ್ಕದೆ ಮಾಯವಾದ ಓತಿ ಎಂದೊಡನೆ ನಮ್ಮ ಮನಸ್ಸು ಎಮ್ಮಾಹುವಿನ ಮನೆಯ ಕಡೆಗೆ ಓಡುತ್ತದೆ. ಅಲ್ಲಿಯೂ ಗುರುತು ಸಿಕ್ಕ ಕ್ಷಣದಲ್ಲಿಯೇ ಕರ್ತನು ಅದೃಶ್ಯನಾಗುತ್ತಾನೆ. ಈ ಲೇಖಕನೂ ಅದೇ ದಾರಿಯಲ್ಲಿ ಎಡವಿದವನು. 1234ರಲ್ಲಿ ಕಟ್ಟಿದ ಹೊಯ್ಸಳ ದೇಗುಲದಿಂದ ಹೆಸರಾದ ಮಂಡ್ಯ ಸೀಮೆಯ ಬಸರಾಳಿನಲ್ಲಿ, ಒಂದು ಮನೆಕೂಟದ ಸಂದರ್ಭದಲ್ಲಿ, ಈ ಕಥೆಯನ್ನು ಹೇಳಿ, ಓತಿಯನ್ನು ಮನುಷ್ಯಬುದ್ಧಿಗೆ ಅತೀತನಾದ ದೇವರ ಸಂಕೇತವೆಂದು ವಿವರಿಸಿದೆನು. ಎಲ್ಲರೂ ತಲೆದೂಗಿದರು. ಕೂಟ ಮುಗಿದು ಚಾಪೆ ಸುತ್ತುವ ಹೊತ್ತಿಗೆ ಹಿರಿಯ ರೈತರೊಬ್ಬರು ಹತ್ತಿರ ಬಂದು ಕೇಳಿದರು: “ಅದ್ಸರಿ ಅಯ್ಯನೋರೆ, ಓತಿಕ್ಯಾತ ಹೋದ್ರೆ ಹೋಯ್ತು. ಆ ಮಂದಣ್ಣನ್ ಗತಿ ಏನಾಯ್ತು?”

ನನ್ನ ಪ್ರಸಂಗದಲ್ಲಿ ಮಂದಣ್ಣನಿಗೆ ಒಂದು ವಾಕ್ಯಕ್ಕಿಂತ ಹೆಚ್ಚಿನ ಸ್ಥಳ ದೊರೆತಿರಲಿಲ್ಲ. ಕಾದಂಬರಿಯನ್ನು ಮತ್ತೆ ಓದುವಂತೆ ಮಾಡಿದ್ದು ಆ ಪ್ರಶ್ನೆ.

ಮೊದಲು ಓತಿಯ ವಿಷಯ. ಅಜ್ಞಾತದತ್ತ ಸಾಗುವ ವೈಜ್ಞಾನಿಕ ಪಯಣದ ಕಥೆಗಳಿಗೆ ಪಶ್ಚಿಮದಲ್ಲಿ ದೀರ್ಘ ಪರಂಪರೆಯಿದೆ. ಆರ್ಥರ್ ಕಾನನ್ ಡಾಯ್ಲ್ ಅವರ 1912ರ ‘ದಿ ಲಾಸ್ಟ್ ವರ್ಲ್ಡ್’ ಕಾದಂಬರಿಯಲ್ಲಿ ಪ್ರೊಫೆಸರ್ ಚಾಲೆಂಜರ್ ದಕ್ಷಿಣ ಅಮೆರಿಕದಿಂದ ಹಾರುವ ಉರಗವೊಂದನ್ನು ಲಂಡನ್ನಿನ ಸಭಾಂಗಣಕ್ಕೇ ತರುತ್ತಾನೆ. ಅದು ಕಿಟಕಿಯಿಂದ ಹಾರಿಹೋದರೂ ಅಷ್ಟರಲ್ಲಿ ವಿದ್ವಾಂಸರ ಎದುರು ಅವನ ಗೆಲುವು ಸ್ಥಾಪಿತವಾಗಿರುತ್ತದೆ. ತೇಜಸ್ವಿಯವರು ತಮ್ಮ ಪಾತ್ರಗಳಿಗೆ ಅಂಥ ಸಭಾಂಗಣವನ್ನು ಒದಗಿಸುವುದಿಲ್ಲ. ಹಾಗೆಂದು ಅವರ ಓತಿ ಕೇವಲ ಕಲ್ಪನೆಯೂ ಅಲ್ಲ. ನೀಳವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿ ಪಶ್ಚಿಮಘಟ್ಟದ ಕಾಡು ತೋಟಗಳಲ್ಲಿ ಇಂದಿಗೂ ಬದುಕಿದೆ. ಅಳಿದುಹೋಯಿತೆಂದು ಎಣಿಸಿದ್ದ ಕುಲ ಮರಳಿ ಕಾಣಿಸಿಕೊಳ್ಳುವುದೂ ಅಸಂಭವವಲ್ಲ: ಆರೂವರೆ ಕೋಟಿ ವರ್ಷಗಳ ಹಿಂದೆಯೇ ಇಲ್ಲವಾಯಿತೆಂದು ತಿಳಿದಿದ್ದ ಸೀಲಕ್ಯಾಂತ್ ಮೀನು 1938ರಲ್ಲಿ ದಕ್ಷಿಣ ಆಫ್ರಿಕದ ಕಡಲಿನಲ್ಲಿ ಬಲೆಗೆ ಬಿದ್ದಿತು. ಆದುದರಿಂದ ಕಾದಂಬರಿಯ ಓತಿ ಮೊದಲು ಓತಿಯೇ. ಅದನ್ನು ಅವಸರದಿಂದ ಸಂಕೇತವಾಗಿಸುವುದು ಕೃತಿಗೂ ಸೃಷ್ಟಿಗೂ ಮಾಡುವ ಅನ್ಯಾಯ.

ಯೋಬನ ಗ್ರಂಥದ 38ರಿಂದ 41ನೆಯ ಅಧ್ಯಾಯಗಳು ಇಲ್ಲಿ ನಮಗೆ ಪಾಠ ಹೇಳುತ್ತವೆ. ಸಂಕಟದಲ್ಲಿರುವ ಯೋಬನಿಗೆ ದೇವರು ಕಾಡುಮೇಕೆ, ಕಾಡುಕತ್ತೆ, ಉಷ್ಟ್ರಪಕ್ಷಿ, ಗಿಡುಗಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಅವು ದೇವರ ರೂಪಕಗಳಲ್ಲ. ಮನುಷ್ಯನ ಉಪಯೋಗಕ್ಕಾಗಲಿ ಅವನ ಉಪದೇಶಕ್ಕಾಗಲಿ ಹುಟ್ಟಿದವೂ ಅಲ್ಲ. ಅವುಗಳಿಗೆ ತಮ್ಮದೇ ಆದ ಬದುಕಿದೆ ಎಂಬುದೇ ಅಲ್ಲಿನ ಉತ್ತರ. ತೇಜಸ್ವಿಯವರ ಓತಿಯೂ ಅಂಥ ಸ್ವತಂತ್ರ ಜೀವಿ.

ಇನ್ನೊಂದು ಅಪಾಯವಿದೆ. ವಿಜ್ಞಾನ ಸೋತ ಜಾಗದಲ್ಲಿ ದೇವರನ್ನು ಕೂರಿಸುವುದು ನಮ್ಮ ಹಳೆಯ ಅಭ್ಯಾಸ. 1944ರ ಮೇ ತಿಂಗಳಲ್ಲಿ ಸೆರೆಮನೆಯಿಂದ ಬರೆದ ಪತ್ರದಲ್ಲಿ ಡೀಟ್ರಿಶ್ ಬೊನ್‌ಹಾಫರ್ ಈ ಅಭ್ಯಾಸವನ್ನು ಖಂಡಿಸುತ್ತಾರೆ. ಅರಿವಿನ ಗಡಿ ಹಿಂದೆ ಸರಿದಂತೆಲ್ಲ ಅಂಥ ದೇವರೂ ಹಿಂದೆ ಸರಿಯಬೇಕಾಗುತ್ತದೆ. ದೇವರನ್ನು ಕಾಣಬೇಕಾದದ್ದು ನಾವು ತಿಳಿದಿರುವುದರಲ್ಲಿಯೇ ಹೊರತು ತಿಳಿಯದಿರುವುದರಲ್ಲಿ ಅಲ್ಲ ಎಂಬುದು ಅವರ ವಾದ. ಕಣಿವೆಯ ಶೂನ್ಯದಲ್ಲಿ ದೇವರನ್ನು ತೋರಿಸಹೊರಟ ನನ್ನ ಪ್ರಸಂಗ ಇದೇ ತಪ್ಪನ್ನು ಮಾಡಿತ್ತು. ನಾಳೆ ಯಾರಾದರೂ ಆ ಕಣಿವೆಗಿಳಿದು ಓತಿಯನ್ನು ಹಿಡಿದು ತಂದರೆ ನನ್ನ ಪ್ರಸಂಗದ ದೇವರ ಗತಿಯೇನು?

ಹಾಗಾದರೆ ಈ ಪಯಣದಲ್ಲಿ ನಿಜವಾಗಿ ಕಂಡುಬಂದದ್ದು ಏನು? ಮಂದಣ್ಣ. ಅವನು ಎಲ್ಲರಿಗೂ ಪರಿಚಿತ. ಯಾರಿಗೂ ಅವನಲ್ಲಿ ಬೆರಗಿಲ್ಲ. ಒಂದು ಜವಾನನ ಕೆಲಸ, ಒಂದು ಮದುವೆ, ಇಷ್ಟೇ ಅವನ ಕನಸು. ಕಳ್ಳಬಟ್ಟಿಯ ಪ್ರಕರಣದಲ್ಲಿ ಸಿಕ್ಕಿಬೀಳುವಂಥವನು. ನಿರೂಪಕನ ಕಣ್ಣಿಗೆ ಅವನೊಬ್ಬ ಗಮಾರ. ಇಂಥವನೊಡನೆ ಕರ್ವಾಲೊ ಅವರಿಗೆ ಎಂಥ ಸ್ನೇಹವೆಂದು ಅವನು ಬೆರಗಾಗುತ್ತಾನೆ. ಆದರೆ ಓತಿಯನ್ನು ಮೊದಲು ಕಂಡವನು ಮಂದಣ್ಣನೇ. ಓದಿದವರ ಕಣ್ಣು ಹಾದುಹೋಗುವ ಕಡೆ ಅವನ ಕಣ್ಣು ನಿಲ್ಲುತ್ತದೆ. ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗವಿಜ್ಞಾನಿಯನ್ನು ಗುರುತಿಸುತ್ತಾರೆ. ಓತಿ ತಪ್ಪಿಸಿಕೊಂಡರೂ ನಿರೂಪಕನ ನೋಟ ಬದಲಾಗಿರುತ್ತದೆ. ಈ ಬದಲಾವಣೆಯೇ ಪಯಣದ ಫಲವೆಂದು ನನ್ನ ಓದು.

ವಿಜ್ಞಾನಿಯ ಹೆಸರನ್ನೂ ಇಲ್ಲಿ ಗಮನಿಸಬೇಕು. ಕರ್ವಾಲೊ ಎಂಬುದು ಪೋರ್ಚುಗೀಸ್ ಮೂಲದ, ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಳಕೆಯಲ್ಲಿರುವ ಕುಲನಾಮ. ಆದರೆ ಈ ಪಾತ್ರ ಪಾದ್ರಿಯಾಗಿಯೋ ಮತಪ್ರಚಾರಕನಾಗಿಯೋ ಕಥೆಯೊಳಗೆ ಬರುವುದಿಲ್ಲ. ಕೀಟಗಳ ಮುಂದೆ ತಾಳ್ಮೆಯಿಂದ ಕೂರುವ, ಕೂಲಿಯವನ ಮಾತಿಗೂ ಕಿವಿಗೊಡುವ ಮನುಷ್ಯನಾಗಿ ಬರುತ್ತದೆ. ಸಾಕ್ಷಿ ಎಂಬ ಪದವನ್ನು ಬಾಯಿಮಾತಿಗೆ ಸೀಮಿತಗೊಳಿಸಿಕೊಂಡಿರುವ ನಮಗೆ ಇದೊಂದು ಮೌನವಾದ ತಿದ್ದುಪಡಿ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಮಂದಣ್ಣನ ಅರಿವಿಗೆ ಬೆಲೆ ಬರುವುದು ಪದವೀಧರನಾದ ವಿಜ್ಞಾನಿಯೊಬ್ಬ ಅದನ್ನು ಮಾನ್ಯಮಾಡಿದ ಮೇಲೆಯೇ. ಸ್ತ್ರೀಯರು ಕಥೆಯ ಅಂಚಿನಲ್ಲಿಯೇ ಉಳಿಯುತ್ತಾರೆ. ಕಾಡಿಗೆ ಹೊರಟ ತಂಡದಲ್ಲಿ ಅವರಿಗೆ ಸ್ಥಾನವಿಲ್ಲ. ಸೌದೆಗೂ ಸೊಪ್ಪಿಗೂ ದಿನವೂ ಕಾಡು ಹೊಗುವ ಹೆಂಗಸರ ಕಣ್ಣಿಗೆ ಏನೇನು ಬಿದ್ದಿರಬಹುದೆಂದು ಯಾರೂ ಕೇಳುವುದಿಲ್ಲ. ಕೊನೆಯ ದೃಶ್ಯದಲ್ಲಿಯೂ ಎಲ್ಲರ ದೃಷ್ಟಿ ಓತಿಯ ಮೇಲೆ ನೆಟ್ಟಿರುವುದರಿಂದ, ಬಸರಾಳಿನ ಹಿರಿಯರ ಪ್ರಶ್ನೆ ಪ್ರಸಂಗಿಗೆ ಮಾತ್ರವಲ್ಲ, ಸ್ವಲ್ಪಮಟ್ಟಿಗೆ ಕಾದಂಬರಿಕಾರರಿಗೂ ಹಾಕಿದ ಪ್ರಶ್ನೆಯೇ ಆಗಿದೆ.

ಸೆಮಿನರಿಯಿಂದ ಹೊರಬೀಳುವ ಯುವಕ ಯುವತಿಯರು ಗ್ರೀಕ್, ಹೀಬ್ರೂ ಭಾಷೆಗಳೊಡನೆ ಸಭೆಗಳಿಗೆ ಹೋಗುತ್ತಾರೆ. ಅಲ್ಲಿ ಹಿಂದಿನ ಸಾಲಿನಲ್ಲಿ ಕೂರುವವರ ಬಗ್ಗೆ ಮೊದಲ ತಿಂಗಳಲ್ಲಿಯೇ ಒಂದು ತೀರ್ಮಾನಕ್ಕೆ ಬಂದುಬಿಡುತ್ತೇವೆ: ಇವನು ಕುಡುಕ, ಇವಳಿಗೆ ಅಕ್ಷರ ಬಾರದು, ಇವರಿಂದ ಕಲಿಯುವುದೇನೂ ಇಲ್ಲ. ಹೀಗೆ ತೂಗಿ ಬದಿಗಿಟ್ಟವರಲ್ಲಿ ನಮಗಿಂತ ಮೊದಲೇ ಕಂಡವರು ಇರಬಹುದು. ಅವರ ಬಳಿ ಕೂತು ಕೇಳುವ ತಾಳ್ಮೆಯನ್ನು ಪಾಲನಾಸೇವೆಯ ಭಾಗವೆಂದು ಒಪ್ಪಿಕೊಂಡವರಿಗೆ ‘ಕರ್ವಾಲೊ’ ಒಳ್ಳೆಯ ಜೊತೆಗಾರ. ಆ ಹಿರಿಯರಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಮುಂದಿನ ಕೂಟದಲ್ಲಿ ಪ್ರಸಂಗವನ್ನು ಬಿಟ್ಟು, ಅವರು ಗದ್ದೆಯ ಬದುವಿನಲ್ಲಿ ಕಂಡದ್ದನ್ನು ಹೇಳಬೇಕೆಂದು ಬೇಡಿಕೊಂಡೆನು. ಒಂದು ಗಂಟೆ ಕಳೆದರೂ ಯಾರೂ ಏಳಲಿಲ್ಲ.