ಕೈಬಿಟ್ಟ 15ನೇ ನಿಯಮ

ಪ್ಲಾಸ್ಟಿಕ್ ನಿಷೇಧದ ಮಾತು ಬಂದಾಗಲೆಲ್ಲ ಕರ್ನಾಟಕದ 2016ರ ಮಾರ್ಚ್ 11ರ ಅಧಿಸೂಚನೆಯನ್ನು ಹೊಗಳುವುದು ರೂಢಿಯಾಗಿಬಿಟ್ಟಿದೆ. ಮೈಕ್ರಾನ್ ಲೆಕ್ಕವನ್ನೇ ಬದಿಗಿಟ್ಟು ಎಲ್ಲ ಕೈಚೀಲಗಳನ್ನೂ ನಿಷೇಧಿಸಿದ್ದು ದಿಟ್ಟತನವೇ, ಒಪ್ಪೋಣ. ಆದರೆ ಅದಾದ ಒಂದೇ ವಾರಕ್ಕೆ, ಮಾರ್ಚ್ 18ರಂದು ಕೇಂದ್ರ ಹೊರಡಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ 15ನೆಯದೊಂದಿತ್ತು. ಪುರಸಭೆ, ಪಂಚಾಯಿತಿಗಳಿಗೆ ತೂಕದ ಅಧಿಕಾರ ಕೊಟ್ಟದ್ದು ಅದು. ಅದಕ್ಕೆ ಸಲ್ಲಬೇಕಾದ ಓದು ಸಿಗಲೇ ಇಲ್ಲ.

ಪ್ಲಾಸ್ಟಿಕ್ ಚೀಲ ಕೊಡಲು ಬಯಸುವ ಅಂಗಡಿಯವರು, ಬೀದಿಬದಿ ವ್ಯಾಪಾರಿಗಳು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು, ತಿಂಗಳಿಗೆ 4,000ದಂತೆ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಶುಲ್ಕ ಕಟ್ಟಬೇಕು, ಚೀಲಕ್ಕೆ ದುಡ್ಡುಂಟು ಎಂದು ಫಲಕ ಹಾಕಬೇಕು ಎಂದಿತು ಆ ನಿಯಮ. ‘ಬಯಸುವ’ ಎಂಬ ಪದವನ್ನು ಗಮನಿಸಿ. ಚೀಲ ಕೊಡುವುದು ಅಂಗಡಿಯ ಹಕ್ಕಲ್ಲ, ಊರನ್ನು ಕೇಳಿ ಪಡೆಯಬೇಕಾದ ಅನುಮತಿ ಎಂಬುದನ್ನು ಅದೊಂದೇ ಪದ ಸ್ಥಾಪಿಸುತ್ತದೆ. ಯಾರು ಕೊಡುತ್ತಾರೆಂಬ ಪಟ್ಟಿ ಪುರಸಭೆಯ ಕೈಯಲ್ಲಿರುತ್ತಿತ್ತು. ಗಿರಾಕಿ ಚೀಲಕ್ಕೆ ಕೊಟ್ಟ ಹಣ ಆ ಊರಿನ ಕಸ ನಿರ್ವಹಣೆಗೇ ಖರ್ಚಾಗಬೇಕೆಂದು ಅದರ ಮೂರನೇ ಉಪನಿಯಮ ಹೇಳಿತ್ತು.

ಕೆಟ್ಟದ್ದು ‘ಕನಿಷ್ಠ’ ಎಂಬ ಪದದಲ್ಲಿ. ವ್ಯಾಪಾರದ ಪ್ರಮಾಣ ನೋಡಿ ಶುಲ್ಕ ಏರಿಸಬಹುದಿತ್ತು, ಇಳಿಸುವಂತಿರಲಿಲ್ಲ. ನಮ್ಮೂರ ಸಂತೆಯಲ್ಲಿ ಕೊತ್ತಂಬರಿ, ಮೆಂತ್ಯೆ ಮಾರುವ ಅಜ್ಜಿಯೊಬ್ಬರು ತಾವು ಕೂತ ಗೋಣಿತಾಟಿನಡಿ ಕವರ್ ಕಟ್ಟು ಬಚ್ಚಿಟ್ಟಿರುತ್ತಾರೆ. ಬರಿಗೈಲಿ ಬಂದವರು ‘ಕವರ್ ಇಲ್ವಾ ಅಜ್ಜಿ?’ ಎಂದು ಕೇಳಿ ಪಕ್ಕದವರ ಬಳಿ ಹೋದರೆ ಸೊಪ್ಪು ಬಾಡುತ್ತದೆ. ಸೂಪರ್‌ಮಾರ್ಕೆಟ್ಟಿಗೆ 4,000 ಲೆಕ್ಕಕ್ಕಿಲ್ಲ. ಈಕೆಗೆ ಅದು ವ್ಯಾಪಾರ ಬಿಡು ಎಂದಂತೆ. ಇವರಿಬ್ಬರ ಅಂತರ ಅರಿತ ಪುರಸಭೆಗೇ ಆ ಮೊತ್ತವನ್ನು ಬಿಡಬೇಕಿತ್ತು.

ಕೇಂದ್ರ ಆ ಒಂದು ಪದವನ್ನು ತಿದ್ದಲಿಲ್ಲ. 2018ರ ಮಾರ್ಚ್ ತಿದ್ದುಪಡಿಯಲ್ಲಿ ಇಡೀ ನಿಯಮವನ್ನೇ ತೆಗೆದುಹಾಕಿತು. ಮುಂದೆ ಚೀಲದ ದಪ್ಪ ಕನಿಷ್ಠ 75 ಮೈಕ್ರಾನ್, 2022ರ ಕೊನೆಯಿಂದ 120 ಮೈಕ್ರಾನ್ ಇರಬೇಕೆಂದಿತು. ಕರ್ನಾಟಕದಲ್ಲಿ ಪೂರ್ಣ ನಿಷೇಧವಿದ್ದದ್ದರಿಂದ 15ನೇ ನಿಯಮಕ್ಕೆ ಕೆಲಸವೇ ಸಿಗಲಿಲ್ಲ. ನಮ್ಮ ಪುರಸಭೆಗಳಿಗೆ ಉಳಿದದ್ದು ದಾಳಿ ಮತ್ತು ದಂಡ.

ಸ್ಥಳೀಯ ಸಂಸ್ಥೆಗಳಿಗೆ ಸಾಮರ್ಥ್ಯವಿಲ್ಲ, ಅಧಿಕಾರ ಕೊಟ್ಟರೆ ವಸೂಲಿಗಿಳಿಯುತ್ತವೆ ಎಂದು ಬರೆಯುವವರೊಂದಿಗೆ ನನಗೆ ಜಗಳವಿದೆ. ಘನತ್ಯಾಜ್ಯ ನಿರ್ವಹಣೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಗೆ ಸೇರಿಸಿದ್ದು ಸಂವಿಧಾನದ 74ನೇ ತಿದ್ದುಪಡಿಯೇ. ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡಾಗ ಕವರ್ ಎಳೆದು ತೆಗೆಯುವವರು ಪೌರಕಾರ್ಮಿಕರು. ಎತ್ತುವ ಹೊಣೆ ಹೊತ್ತವರು ಅದಕ್ಕೆ ಬೆಲೆ ಕಟ್ಟಲು ಅಸಮರ್ಥರು ಹೇಗಾದಾರು? ವಸೂಲಿಯ ಭಯ ಸುಳ್ಳಲ್ಲ. ಆದರೆ ನೋಂದಣಿ, ರಸೀದಿ, ಫಲಕ ಇರುವಲ್ಲಿ ಅದಕ್ಕೆ ಎಡೆ ಕಡಿಮೆ. ಗೋಣಿ ಎತ್ತಿ ನೋಡಿ ದಂಡ ಕೇಳುವಲ್ಲೇ ಹೆಚ್ಚು. ಈ ವಿಮರ್ಶಕರು ಇವತ್ತಿನ ರೋಗವನ್ನು ತೋರಿಸಿ, ಹಿಂದೊಮ್ಮೆ ಇದ್ದ ಮದ್ದನ್ನು ಬೈಯುತ್ತಿದ್ದಾರೆ.

ಚೀಲದ ದಪ್ಪವನ್ನು ಕೇಂದ್ರ ಹೇಳಲಿ, ಕಾರ್ಖಾನೆಗಳನ್ನು ರಾಜ್ಯ ನೋಡಿಕೊಳ್ಳಲಿ. ಯಾವ ಅಂಗಡಿ, ಎಷ್ಟು ಶುಲ್ಕ ಎಂಬ ತೀರ್ಮಾನ ಊರಿನದಾಗಲಿ. ‘ಕನಿಷ್ಠ’ವನ್ನು ಹೊಡೆದುಹಾಕಿ 15ನೇ ನಿಯಮವನ್ನು ಮರಳಿ ತನ್ನಿ.