ಹಿಟ್ಟಿನ ಹುಂಜ ಮತ್ತು ನದಿಯ ಮೀನು

ಜನ್ನನ ‘ಯಶೋಧರ ಚರಿತೆ’ಯನ್ನು (1209) ನಾವು ಪ್ರಾಣಿಬಲಿಯನ್ನು ಖಂಡಿಸುವ ಕಾವ್ಯವೆಂದು ಓದುತ್ತ ಬಂದಿದ್ದೇವೆ. ಅದು ಸರಿಯೇ. ಹಿಟ್ಟಿನ ಹುಂಜವನ್ನು ಬಲಿಗೊಟ್ಟ ಯಶೋಧರನೂ ಅದಕ್ಕೆ ಪ್ರೇರೇಪಿಸಿದ ತಾಯಿ ಚಂದ್ರಮತಿಯೂ ಹಲವು ಭವಗಳಲ್ಲಿ ತೊಳಲುತ್ತಾರೆ. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಕಾವ್ಯದ ತಿರುಳು. ಆ ಭವಾವಳಿಯಲ್ಲಿ ನಾವು ಬೇಗನೆ ದಾಟಿಹೋಗುವ ಒಂದು ಜನ್ಮವಿದೆ. ಸಿಪ್ರಾ ನದಿಯಲ್ಲಿ ತಾಯಿ ಮೊಸಳೆಯಾಗಿಯೂ ಮಗ ಮೀನಾಗಿಯೂ ಹುಟ್ಟುತ್ತಾರೆ. ಮೀನು ಬಲೆಗೆ ಸಿಕ್ಕಿ ತನ್ನ ಮಗನ ಅರಮನೆಯ ಅಡಿಗೆಮನೆ ಸೇರುತ್ತದೆ.

ಇಲ್ಲಿ ಓದುಗನ ಕಣ್ಣು ತೇವವಾಗುವುದು ಮೀನಿಗಾಗಿ ಅಲ್ಲ, ಮೀನಿನೊಳಗಿರುವ ಅರಸನಿಗಾಗಿ. ಸಿಪ್ರಾ ಕೇವಲ ಕಥೆಯ ರಂಗಸ್ಥಳ. ನದಿ ಸದಾ ಹರಿಯುತ್ತಿರುತ್ತದೆ, ಮೀನು ಹುಟ್ಟುತ್ತಲೇ ಇರುತ್ತದೆ ಎಂಬ ನಂಬಿಕೆ ಕವಿಗೆ ಸಹಜವಾಗಿತ್ತು. ನಮಗೆ ಆ ನಂಬಿಕೆ ಉಳಿದಿಲ್ಲ.

ನಮ್ಮ ರಾಯಚೂರು ಕೃಷ್ಣಾ ತುಂಗಭದ್ರೆಗಳ ನಡುವಿನ ನಾಡು. 1953ರಲ್ಲಿ ತುಂಗಭದ್ರಾ ಜಲಾಶಯ, 1982ರಲ್ಲಿ ನಾರಾಯಣಪುರದ ಅಣೆಕಟ್ಟು ಸಿದ್ಧವಾದವು. ಮೊದಲನೆಯದರ ಎಡದಂಡೆ ಕಾಲುವೆ ಮಾನ್ವಿಗೆ ಭತ್ತ ತಂದಿತು, ಎರಡನೆಯದರ ಬಲದಂಡೆ ಕಾಲುವೆ ದೇವದುರ್ಗದ ಒಣಭೂಮಿಗೆ ನೀರು ತಂದಿತು. ಈ ಅನ್ನವನ್ನು ಉಣ್ಣುವವರು ಅಣೆಕಟ್ಟನ್ನು ನಿಂದಿಸುವುದು ಕೃತಘ್ನತೆ. ಆದರೂ ಅದರ ಲೆಕ್ಕದಲ್ಲಿ ಸೇರದ ಜೀವಗಳಿವೆ.

ನಮ್ಮ ನದಿಗಳ ಅನೇಕ ಮೀನುಗಳಿಗೆ ಮುಂಗಾರಿನ ನೆರೆಯೇ ಪಂಚಾಂಗ. ನೀರು ಏರಿ, ಕದಡಿ, ತಂಪಾದಾಗ ಅವು ಪ್ರವಾಹಕ್ಕೆದುರಾಗಿ ಈಜಿ ಮೊಟ್ಟೆಯಿಡುತ್ತವೆ. ಮಹಶೀರ್ ಮೀನಿನ ಮೊಟ್ಟೆ ಬೆಣಚುಕಲ್ಲಿನ ಸಂದಿಯಲ್ಲಿ ಕೆಲವು ದಿನ ಹರಿಯುವ ನೀರಿನಲ್ಲಿದ್ದು ಮರಿಯಾಗುತ್ತದೆ. ದಡದ ಆಳವಿಲ್ಲದ ನೀರು, ಹುಲ್ಲು ಮುಳುಗಿದ ತಗ್ಗು, ಮರಳಿನ ದಂಡೆ ಇವೇ ಮರಿಗಳ ತೊಟ್ಟಿಲು. ಜಲಾಶಯ ತುಂಬುವವರೆಗೆ ಮೊದಲ ನೆರೆ ಕೆಳಗಿಳಿಯದಿದ್ದರೆ ಮೀನಿಗೆ ಕರೆ ತಲುಪುವುದಿಲ್ಲ. ತಲುಪಿ ಮೊಟ್ಟೆಯಿಟ್ಟ ಮೇಲೆ ಗೇಟುಗಳನ್ನು ಒಮ್ಮೆಗೇ ಮುಚ್ಚಿದರೆ ನೀರು ಇಳಿದು ಮೊಟ್ಟೆ ಬಿಸಿಲಿನಲ್ಲಿ ಒಣಗುತ್ತದೆ, ಮರಿ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಕೃಷ್ಣಾ ಗೋದಾವರಿಗಳಲ್ಲಿ ಬಾಳುವ ಸಿಲೋನಿಯಾ ಚಿಲ್ಡ್ರೆನಿ ಎಂಬ ಮೀನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದಾಗ ನಾವು ಪೋಲಾದ ಟಿಎಂಸಿಗಳನ್ನು ಎಣಿಸಿದೆವು, ಬೆಳೆಯ ಚಿಂತೆ ಮಾಡಿದೆವು. ಕೆಳಗಿನ ಹೊಳೆಯ ಜೀವರಾಶಿಯ ಮಾತು ನಮ್ಮ ನಾಲಿಗೆಗೆ ಬರಲಿಲ್ಲ.

ಇಲ್ಲಿ ಜನ್ನನ ಕಥೆ ತಲೆಕೆಳಗಾಗುತ್ತದೆ. ಅಲ್ಲಿ ಸಂಕಲ್ಪವಿತ್ತು, ಸತ್ತ ಜೀವವಿರಲಿಲ್ಲ. ಇಲ್ಲಿ ಅಸಂಖ್ಯ ಜೀವ ಸಾಯುತ್ತದೆ, ಕೊಲ್ಲುವ ಸಂಕಲ್ಪ ಯಾರದೂ ಅಲ್ಲ. ಹಾಗಾದರೆ ಪಾಪವಿಲ್ಲವೇ? ಉಮಾಸ್ವಾತಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೇ ಮುಂದಿಟ್ಟರು. ಬೇಸಾಯಕ್ಕಾಗಿ ನೀರು ನಿಲ್ಲಿಸುವುದು ಉದ್ಯೋಗೀ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರ. ಆದರೆ ಯಾವ ರೈತನಿಗೂ ಹನಿ ನೀರು ಹೆಚ್ಚಿಸದೆ ಗೇಟನ್ನು ತಟಕ್ಕನೆ ಇಳಿಸುವುದು ಯಾವ ಉದ್ಯೋಗ? ನಿಷ್ಪ್ರಯೋಜನವಾಗಿ ನೆಲ ನೀರುಗಳನ್ನು ಕಲಕುವುದನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡವೆಂದು ಎಣಿಸಿದ್ದಾರೆ. ಗೇಟಿನ ಕೆಳಗೆ ನಡೆಯುವುದು ಅದೇ.

ಮೀನು ತಿನ್ನದ ಮಾತ್ರಕ್ಕೆ ನಾವು ಈ ಮೀನಿನ ಸಾವಿನಿಂದ ಹೊರಗಿದ್ದೇವೆಂದು ಭಾವಿಸುವುದು ಸುಲಭ. ಕಾಲುವೆಯ ನೀರಿನಲ್ಲಿ ಬೆಳೆದ ಅಕ್ಕಿ ನಮ್ಮ ಅಭಿಷೇಕದ ಅಕ್ಷತೆಯಾಗುತ್ತದೆ. ಬಸದಿಯ ಜೀರ್ಣೋದ್ಧಾರಕ್ಕೆ ಹೊಳೆಯ ಮರಳು ಬರುತ್ತದೆ. ಅದು ಯಾವ ದಂಡೆಯದೆಂದು ಟ್ರಸ್ಟಿನವರು ಕೇಳುವುದುಂಟೇ? ಪರ್ವದಿನಗಳಲ್ಲಿ ಹಣ ಕೊಟ್ಟು ಮೀನು ಬಿಡಿಸುವ ಜೀವದಯೆ ಮೆಚ್ಚತಕ್ಕದ್ದೇ; ಆದರೆ ಮೊಟ್ಟೆಯಿಡಲು ಹರಿವಿಲ್ಲದ ನದಿಗೆ ಬಿಟ್ಟ ಮೀನಿಗೆ ನಾವು ಕೊಟ್ಟದ್ದು ಅರ್ಧ ಅಭಯ. ಮುಂಗಾರಿನ ಮೊದಲ ನೆರೆಯಲ್ಲಿ ಒಂದು ಪಾಲು ಕೆಳಗಿಳಿಯಲಿ, ಗೇಟುಗಳು ಹಂತಹಂತವಾಗಿ ಮುಚ್ಚಲಿ, ಮೀನುಗಳು ಎಲ್ಲಿ ಎಂದು ಮೊಟ್ಟೆಯಿಡುತ್ತವೆಂಬ ಅಧ್ಯಯನ ನಡೆಯಲಿ ಎಂದು ನಮ್ಮ ಸಂಘಗಳು ನೀರಾವರಿ ಸಲಹಾ ಸಮಿತಿಯ ಮುಂದೆ ಕೇಳಬಹುದು. ಇದರಿಂದ ಬೆಳೆಗೆ ದೊಡ್ಡ ನಷ್ಟವಿಲ್ಲ. ಇದೇ ಯತ್ನಾಚಾರ.

ಹಿಟ್ಟಿನ ಹುಂಜಕ್ಕೆ ಜೀವವಿಲ್ಲದಿದ್ದರೂ ಅದರ ಲೆಕ್ಕವನ್ನು ಕವಿ ಬಿಡಲಿಲ್ಲ. ನದಿಯ ಮೀನಿಗೆ ಜೀವವಿದೆ. ಅದರ ಲೆಕ್ಕ ನಮ್ಮ ಪಾಲಿಗೆ ಉಳಿದಿದೆ.